ಕಾಣದ ಗಾಯ

ದುಡಿಮೆಯನ್ನು ಕನ್ನಡದ ಶರಣರು ಕಾಯಕವೆಂದು ಕರೆದರು. ಕಾಯದಿಂದ ನಡೆಯುವುದು ಕಾಯಕ. ಆದರೆ ಯಾವ ಕೆಲಸವೂ ಬರಿಯ ಕಾಯದಿಂದ ನಡೆಯುವುದಿಲ್ಲ. ಮಗ್ಗದ ಮುಂದೆ ಕುಳಿತ ನೇಕಾರನ ಕೈ ಲಾಳಿಯನ್ನು ಎಸೆಯುತ್ತಿದ್ದರೆ ಅವನ ಮನಸ್ಸು ಎಳೆಗಳ ಲೆಕ್ಕದಲ್ಲಿ ತೊಡಗಿರುತ್ತದೆ. ಬಸ್ಸಿನ ಚಾಲಕನ ಕಾಲು ಬ್ರೇಕಿನ ಮೇಲಿದ್ದರೆ ಮನಸ್ಸು ರಸ್ತೆಯುದ್ದಕ್ಕೂ ಹರಡಿರುತ್ತದೆ. ಕಾಯವೂ ಮನಸ್ಸೂ ಕೂಡಿಯೇ ದುಡಿಯುತ್ತವೆ, ಕೂಡಿಯೇ ದಣಿಯುತ್ತವೆ. ಹಾಗಿದ್ದ ಮೇಲೆ ಕೆಲಸದಲ್ಲಿ ಕಾಯಕ್ಕೆ ಪೆಟ್ಟು ಬೀಳುವಂತೆ ಮನಸ್ಸಿಗೂ ಪೆಟ್ಟು ಬೀಳಬಹುದೆಂಬುದು ಸಹಜವಾಗಿ ಹೊಳೆಯಬೇಕಾದ ಮಾತು. ಆದರೂ ಲೋಕದ ಕಾನೂನುಗಳು ಈ ಸರಳವಾದ ಸತ್ಯವನ್ನು ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು.

ಇದಕ್ಕೆ ಕಾರಣವಿಲ್ಲದಿಲ್ಲ. ಯಂತ್ರಕ್ಕೆ ಸಿಕ್ಕಿದ ಬೆರಳು ತುಂಡಾದರೆ ರಕ್ತ ಹರಿಯುತ್ತದೆ. ಪಕ್ಕದವರು ಓಡಿ ಬರುತ್ತಾರೆ. ವೈದ್ಯರು ಗಾಯವನ್ನು ಅಳೆದು ಬರೆದುಕೊಡುತ್ತಾರೆ. ಬೆಳಗ್ಗೆ ಹತ್ತು ಬೆರಳುಗಳಿದ್ದವನಿಗೆ ಸಂಜೆ ಒಂಬತ್ತು ಉಳಿದರೆ, ಆ ಒಂದು ಬೆರಳು ಎಲ್ಲಿ ಹೋಯಿತೆಂಬ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ. ಮನಸ್ಸಿನ ಗಾಯ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಅದು ಒಂದೇ ದಿನದಲ್ಲಿ ಆಗಿರಲಾರದು. ನಿದ್ದೆ ಕೆಡುವುದು, ಎದೆ ಡವಗುಟ್ಟುವುದು, ಕೆಲಸದ ಹೆಸರೆತ್ತಿದರೆ ಕೈಕಾಲು ನಡುಗುವುದು, ಬದುಕಿನಲ್ಲೇ ಆಸಕ್ತಿ ಬತ್ತುವುದು - ಇವನ್ನೆಲ್ಲ ಅನುಭವಿಸುವವನೇ ಬಲ್ಲ. ನೋಡುವವರು, "ಇವನ ಸ್ವಭಾವವೇ ಹೀಗೆ" ಎಂದು ಹೇಳಿ ಸುಮ್ಮನಾಗುತ್ತಾರೆ. ಗಾಯ ಕಾಣದಿದ್ದಾಗ ಗಾಯ ಮಾಡಿದ್ದು ಯಾವುದೆಂಬುದೂ ಕಾಣುವುದಿಲ್ಲ. ಆಗ ನಷ್ಟವನ್ನು ಯಾರು ತುಂಬಿಕೊಡಬೇಕು? ಈ ಪ್ರಶ್ನೆಯೊಡನೆ ಕಳೆದ ಅರುವತ್ತು ವರ್ಷಗಳಿಂದ ಗುದ್ದಾಡಿದ ನಾಡುಗಳಲ್ಲಿ ದಕ್ಷಿಣ ಕೊರಿಯಾ ಒಂದು. ಅದರ ಅನುಭವ ಎಲ್ಲ ದುಡಿಯುವ ಜನರೂ ತಿಳಿಯತಕ್ಕದ್ದು.

1953ರಲ್ಲಿ ಯುದ್ಧ ನಿಂತಾಗ ಕೊರಿಯಾ ಬೂದಿಯಾದ ನಾಡು. ಊರುಗಳು ನೆಲಸಮವಾಗಿದ್ದವು, ಅನ್ನಕ್ಕೆ ತತ್ವಾರವಾಗಿತ್ತು. ಅಲ್ಲಿಂದ ಒಂದೆರಡು ತಲೆಮಾರುಗಳಲ್ಲಿ ಅದು ಹಡಗು, ಉಕ್ಕು, ಬಟ್ಟೆ, ವಿದ್ಯುತ್ ಉಪಕರಣಗಳನ್ನು ಲೋಕಕ್ಕೆಲ್ಲ ಮಾರುವ ನಾಡಾಗಿ ಎದ್ದು ನಿಂತಿತು. ಈ ಏಳಿಗೆಯನ್ನು ಜಗತ್ತು ಪವಾಡವೆಂದು ಕೊಂಡಾಡಿತು. ಆದರೆ ಆ ಪವಾಡ ಆಕಾಶದಿಂದ ಇಳಿದು ಬಂದುದಲ್ಲ. ಗಣಿಗಳಲ್ಲಿ, ಗಿರಣಿಗಳಲ್ಲಿ, ಹೊಲಿಗೆಯ ಅಂಗಡಿಗಳ ಇಕ್ಕಟ್ಟಿನ ಅಟ್ಟಗಳಲ್ಲಿ ಹಗಲಿರುಳು ದುಡಿದವರ ಬೆವರಿನಿಂದ ಅದು ಬಂದಿತು. ಕೊರಿಯಾದವರು ವರ್ಷಕ್ಕೆ ದುಡಿಯುತ್ತಿದ್ದ ಗಂಟೆಗಳ ಸಂಖ್ಯೆ ಬಹುಕಾಲ ಮುಂದುವರಿದ ರಾಷ್ಟ್ರಗಳಲ್ಲೆಲ್ಲ ಅತಿ ಹೆಚ್ಚಿನದರ ಸಾಲಿನಲ್ಲಿತ್ತು.

ಅಪಘಾತಕ್ಕೆ ತುತ್ತಾದ ಕಾರ್ಮಿಕನಿಗೆ ಪರಿಹಾರ ಕೊಡುವ ವಿಮೆಯ ಕಾನೂನು ಅಲ್ಲಿ 1963ರಲ್ಲಿ ರಚಿತವಾಗಿ 1964ರಲ್ಲಿ ಜಾರಿಗೆ ಬಂದಿತು. ಮೊದಲಿಗೆ ಅದು ಐನೂರು ಮಂದಿಗೆ ಕಡಿಮೆಯಿಲ್ಲದ ಗಣಿ ಮತ್ತು ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮೆಲ್ಲಮೆಲ್ಲನೆ ಅದರ ವ್ಯಾಪ್ತಿ ಹಿಗ್ಗಿ, 2000ದ ಹೊತ್ತಿಗೆ ಒಬ್ಬನೇ ಕೆಲಸಗಾರನಿರುವ ಸಂಸ್ಥೆಯೂ ಅದರೊಳಗೆ ಬಂದಿತು. ವಿಮೆಯ ಕಂತನ್ನು ಮಾಲೀಕನೇ ಕಟ್ಟಬೇಕು. ಪೆಟ್ಟು ತಿಂದವನಿಗೆ ಚಿಕಿತ್ಸೆಯ ವೆಚ್ಚ, ಕೆಲಸಕ್ಕೆ ಹೋಗಲಾರದ ದಿನಗಳಿಗೆ ಸರಾಸರಿ ಕೂಲಿಯ ನೂರಕ್ಕೆ 70ರಷ್ಟು ಹಣ, ಅಂಗ ಊನವಾದರೆ ಅದಕ್ಕೆ ತಕ್ಕ ಪರಿಹಾರ, ಸತ್ತರೆ ಮನೆಯವರಿಗೆ ನೆರವು - ಇವು ಅದರ ಮುಖ್ಯ ಅಂಶಗಳು. ಇಡೀ ವ್ಯವಸ್ಥೆಯ ತಿರುಳೆಂದರೆ, ತಪ್ಪು ಯಾರದೆಂಬ ವಿಚಾರಣೆ ಇಲ್ಲಿ ಬೇಕಿಲ್ಲ. ಪೆಟ್ಟು ಕೆಲಸದಿಂದ ಬಿದ್ದದ್ದೇ ಎಂಬುದೊಂದು ತೀರ್ಮಾನವಾದರೆ ಸಾಕು. ದುಡಿಮೆಯಿಂದ ಬಂದ ಲಾಭದಲ್ಲಿ ಪಾಲು ಪಡೆದ ಉದ್ಯಮ, ದುಡಿಮೆಯಿಂದ ಬಂದ ಕೇಡಿನಲ್ಲೂ ಪಾಲು ಹೊರಬೇಕು. ಇದು ದಾನವಲ್ಲ, ನ್ಯಾಯ.

ಕಾನೂನು ಪುಸ್ತಕದಲ್ಲಿ ಇರುವುದು ಬೇರೆ, ಬದುಕಿಗೆ ಇಳಿಯುವುದು ಬೇರೆ. ಸಿಯೋಲ್ ನಗರದ ಬಟ್ಟೆಯ ಮಾರುಕಟ್ಟೆಯೊಂದರಲ್ಲಿ ಜೊನ್ ತೇ-ಇಲ್ ಎಂಬ ತರುಣ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದ. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಎಳೆಯ ಹುಡುಗಿಯರು ದಿನವಿಡೀ ಹೊಲಿಯುತ್ತ ಕೆಮ್ಮಿ ಕೃಶರಾಗುತ್ತಿದ್ದುದನ್ನು ಅವನು ಕಂಡ. ಅವರನ್ನು ಕಾಪಾಡಲು 1953ರಿಂದಲೇ ಕಾನೂನೊಂದು ಇದೆಯೆಂದು ಓದಿ ತಿಳಿದ. ಅದನ್ನು ಪಾಲಿಸಿರೆಂದು ಅಧಿಕಾರಿಗಳ ಬಾಗಿಲು ತಟ್ಟಿದ. ಯಾರೂ ಕಿವಿಗೊಡದಿರಲು, 1970ರ ನವೆಂಬರ್ 13ರಂದು ಅವನು ತನ್ನನ್ನೇ ಬೆಂಕಿಗೆ ಒಡ್ಡಿಕೊಂಡ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಬಾಳಿ ಬದುಕಬೇಕಾಗಿದ್ದ ಜೀವವೊಂದು ಹೀಗೆ ಅಳಿದದ್ದು ದೊಡ್ಡ ದುರಂತ. ಕಣ್ಣಿಗೆ ಕಾಣುವ ನೋವಿಗೇ ಕುರುಡಾಗಿದ್ದ ಕಾಲದಲ್ಲಿ ಕಾಣದ ನೋವಿನ ಮಾತನ್ನು ಕೇಳುವವರು ಯಾರು?

ಕೆಲಸ ಮನಸ್ಸನ್ನೂ ಕೆಡಿಸಬಲ್ಲುದೆಂಬುದನ್ನು ಕೊರಿಯಾದ ಜನರಿಗೆ ಮರೆಯಲಾಗದಂತೆ ತೋರಿಸಿಕೊಟ್ಟದ್ದು ವೊನ್‌ಜಿನ್ ರೇಯಾನ್ ಕಾರ್ಖಾನೆ. ಸಿಯೋಲ್ ನಗರಕ್ಕೆ ಸಮೀಪದಲ್ಲಿದ್ದ ಈ ಕಾರ್ಖಾನೆಗೆ 1960ರ ದಶಕದಲ್ಲಿ ಜಪಾನಿನಿಂದ ಬಳಸಿ ಬಿಟ್ಟ ಯಂತ್ರಗಳನ್ನು ತಂದು ಹೂಡಿದ್ದರು. ಮರದ ತಿರುಳಿನಿಂದ ರೇಷ್ಮೆಯಂತಹ ನೂಲು ತೆಗೆಯಲು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ ಬೇಕು. ಅದರ ಆವಿಯನ್ನು ವರ್ಷಾನುಗಟ್ಟಲೆ ಉಸಿರಾಡಿದವರ ನರಗಳು ಹಾಳಾಗುತ್ತವೆ. ಕೈಕಾಲು ಮರಗಟ್ಟುತ್ತದೆ, ಮಾತು ತೊದಲುತ್ತದೆ, ನೆನಪು ಅಳಿಯುತ್ತದೆ, ಕೆಲವರಿಗೆ ಬುದ್ಧಿಭ್ರಮಣೆಯೇ ಆಗುತ್ತದೆ. ಪ್ಯಾರಿಸ್ಸಿನ ದೆಲ್ಪೆಶ್ ಎಂಬ ವೈದ್ಯ 19ನೆಯ ಶತಮಾನದ ನಡುವಿನಲ್ಲೇ ರಬ್ಬರ್ ಕೆಲಸಗಾರರಲ್ಲಿ ಈ ರೋಗವನ್ನು ಕಂಡು ಬರೆದಿಟ್ಟಿದ್ದ. ನೂರು ವರ್ಷಕ್ಕೂ ಹಳೆಯದಾದ ಆ ತಿಳಿವಳಿಕೆ ಕೊರಿಯಾದ ಕೆಲಸಗಾರರ ರಕ್ಷಣೆಗೆ ಬರಲಿಲ್ಲ. ದುಡಿದು ದುಡಿದು ಮಂಕಾಗಿ ಮನೆಗೆ ಮರಳಿದವರನ್ನು ಪಾರ್ಶ್ವವಾಯು ಬಡಿದವರೆಂದೋ ಹುಚ್ಚರೆಂದೋ ಜನ ಭಾವಿಸಿದರು.

ಸಿಯೋಲ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದ 1988ರಲ್ಲಿ ಈ ಕಾರ್ಖಾನೆಯ ಸಂಗತಿ ಪತ್ರಿಕೆಯ ಮೂಲಕ ಬೆಳಕಿಗೆ ಬಂದಿತು. 1991ರಲ್ಲಿ ಅಲ್ಲಿ ದುಡಿದು ನಿವೃತ್ತನಾಗಿದ್ದ ಕಾರ್ಮಿಕನೊಬ್ಬ ತೀರಿಕೊಂಡ. ಅವನ ಸಾವು ಕೆಲಸದಿಂದಲೇ ಬಂದುದೆಂದು ಒಪ್ಪಿಕೊಳ್ಳಬೇಕೆಂದು ಕೇಳುತ್ತ ಮನೆಯವರೂ ಸಂಗಡಿಗರೂ 137 ದಿನ ಅವನ ಅಂತ್ಯಕ್ರಿಯೆಯನ್ನು ತಡೆದು ನಿಂತರು. ಹಿರಿಯರ ಅಂತ್ಯಸಂಸ್ಕಾರವನ್ನು ಪರಮ ಕರ್ತವ್ಯವೆಂದು ತಿಳಿದ ನಾಡಿನಲ್ಲಿ ಇದೇನು ಸಣ್ಣ ಮಾತೇ? 1993ರಲ್ಲಿ ಕಾರ್ಖಾನೆ ಮುಚ್ಚಿತು. ರೋಗಕ್ಕೆ ತುತ್ತಾದವರೆಂದು ಗುರುತಿಸಲ್ಪಟ್ಟವರ ಸಂಖ್ಯೆ ನೂರುಗಳನ್ನು ದಾಟಿ ಸಾವಿರದ ಹತ್ತಿರಕ್ಕೆ ಹೋಯಿತು. ಅವರ ಹೋರಾಟದ ಫಲವಾಗಿ ಸಿಯೋಲ್‌ನಲ್ಲಿ 2003ರಲ್ಲಿ ತೆರೆದ 'ಹಸಿರು ಆಸ್ಪತ್ರೆ' ದುಡಿಯುವವರ ರೋಗಗಳಿಗೆ ಚಿಕಿತ್ಸೆ ನೀಡತೊಡಗಿತು.

ವೊನ್‌ಜಿನ್ ಪ್ರಕರಣದಲ್ಲಿ ಕಾರ್ಮಿಕರಿಗೆ ಒಂದು ಆಸರೆಯಿತ್ತು: ಅವರ ಮನಸ್ಸನ್ನು ಕೆಡಿಸಿದ ವಸ್ತುವನ್ನು ಸೀಸೆಯಲ್ಲಿ ಹಿಡಿದು ತೋರಿಸಬಹುದಾಗಿತ್ತು. ಅದಕ್ಕೆ ಹೆಸರಿತ್ತು, ವಾಸನೆಯಿತ್ತು, ಅಳತೆಯಿತ್ತು. ಆದರೆ ಕಾಲ ಬದಲಾಯಿತು. ಗಿರಣಿಗಳಿಗಿಂತ ಅಂಗಡಿ, ಬ್ಯಾಂಕು, ವಿಮಾನ, ಆಸ್ಪತ್ರೆ, ದೂರವಾಣಿ ಕೇಂದ್ರಗಳಲ್ಲಿ ದುಡಿಯುವವರ ಸಂಖ್ಯೆ ಹೆಚ್ಚಿತು. ಅಲ್ಲಿ ವಿಷದ ಹೊಗೆಯಿಲ್ಲ. ಅಲ್ಲಿ ಮನಸ್ಸನ್ನು ಕೆಡಿಸುವುದು ಮನುಷ್ಯನ ಮಾತು, ಮನುಷ್ಯನ ನಡತೆ. ಅಮೆರಿಕೆಯ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಚೈಲ್ಡ್ ವಿಮಾನದ ಪರಿಚಾರಿಕೆಯರ ಕೆಲಸವನ್ನು ಪರೀಕ್ಷಿಸಿ 1983ರಲ್ಲಿ ಒಂದು ಗ್ರಂಥ ಬರೆದರು. ಒಳಗೆ ಏನೇ ಕುದಿಯುತ್ತಿದ್ದರೂ ಮುಖದ ಮೇಲೆ ನಗೆಯನ್ನು ಉಳಿಸಿಕೊಳ್ಳುವುದೇ ಅವರ ಕೆಲಸದ ಭಾಗವೆಂದು ಅವರು ತೋರಿಸಿದರು. ಈ ಬಗೆಯ ಕೆಲಸಕ್ಕೆ ಅವರು ಕೊಟ್ಟ 'ಭಾವಶ್ರಮ' ಎಂಬ ಅರ್ಥದ ಹೆಸರು ಕೊರಿಯಾದಲ್ಲಿ ಮನೆಮಾತಾಯಿತು. ಮೂಟೆ ಹೊರುವವನ ಹೆಗಲು ಸವೆಯುವಂತೆ, ನಗೆಯನ್ನು ಹೊರುವವನ ಒಳಗೂ ಏನೋ ಸವೆಯುತ್ತದೆ.

ಮೇಲಿನವರ ಮುಂದೆ ತಲೆಬಾಗುವುದು ಕೊರಿಯಾದ ಹಳೆಯ ಸಂಪ್ರದಾಯ. ಹಿರಿಯರನ್ನು ಗೌರವಿಸುವ ಈ ಗುಣಕ್ಕೆ ತನ್ನದೇ ಆದ ಚೆಲುವಿದೆ. ಆದರೆ ಹಣ ಮತ್ತು ಅಧಿಕಾರಗಳ ಕೈಗೆ ಸಿಕ್ಕಾಗ ಅದು ವಿಕಾರವಾಗುತ್ತದೆ. ಅಲ್ಲಿನ ಕರಾರುಪತ್ರಗಳಲ್ಲಿ ಮೊದಲನೆಯ ಪಕ್ಷವನ್ನು 'ಗಾಪ್' ಎಂದೂ ಎರಡನೆಯ ಪಕ್ಷವನ್ನು 'ಉಲ್' ಎಂದೂ ಬರೆಯುವುದು ರೂಢಿ. ಇದರಿಂದಲೇ, ಮೇಲಿನ ಸ್ಥಾನದಲ್ಲಿರುವವನು ಕೆಳಗಿನವನ ಮೇಲೆ ನಡೆಸುವ ದರ್ಪಕ್ಕೆ 'ಗಾಪ್‌ಜಿಲ್' ಎಂಬ ಮಾತು ಹುಟ್ಟಿಕೊಂಡಿತು. 2014ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಕೊರಿಯಾದ ವಿಮಾನವೊಂದು ಹೊರಟಿತ್ತು. ಅದರಲ್ಲಿ ಆ ಸಂಸ್ಥೆಯ ಉಪಾಧ್ಯಕ್ಷೆಯೇ ಪ್ರಯಾಣ ಮಾಡುತ್ತಿದ್ದರು. ತಿನ್ನುವ ಬೀಜಗಳನ್ನು ತಟ್ಟೆಯಲ್ಲಿ ಕೊಡದೆ ಪೊಟ್ಟಣದಲ್ಲೇ ಕೊಟ್ಟರೆಂದು ಅವರು ಸಿಟ್ಟಾಗಿ ಸಿಬ್ಬಂದಿಯನ್ನು ಹೀನಾಯವಾಗಿ ಬೈದು, ವಿಮಾನವನ್ನು ಹಿಂದಿರುಗಿಸಿ, ಪರಿಚಾರಕರ ಮುಖ್ಯಸ್ಥನನ್ನು ಕೆಳಗಿಳಿಸಿದರು. ಒಂದು ಹಿಡಿ ಬೀಜಕ್ಕಾಗಿ ನಡೆದ ಈ ರಂಪಾಟವನ್ನು ಜಗತ್ತೆಲ್ಲ ಓದಿ ನಕ್ಕಿತು. ಆದರೆ ಅವಮಾನಿತನಾದವನಿಗೆ ಅದು ನಗೆಯ ವಿಷಯವಾಗಿರಲಿಲ್ಲ. ಅವನು ನಿದ್ದೆಗೆಟ್ಟು ಭೀತಿಯ ರೋಗಕ್ಕೆ ಒಳಗಾದ. ಮರುವರ್ಷ ವಿಮಾ ಸಂಸ್ಥೆ ಅದನ್ನು ಕೆಲಸದಿಂದ ಬಂದ ರೋಗವೆಂದು ಒಪ್ಪಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ.

ಎಲ್ಲ ಮನೋವ್ಯಾಧಿಗೂ ದರ್ಪದ ಮಾತೇ ಕಾರಣವೆಂದು ತಿಳಿಯಬೇಕಾಗಿಲ್ಲ. ಕೆಲಸದ ಏರ್ಪಾಟೇ ಕಾರಣವಾಗಬಹುದು. ಸಿಯೋಲ್ ನಗರದ ನೆಲದಡಿಯ ರೈಲಿನ ಐದರಿಂದ ಎಂಟನೆಯವರೆಗಿನ ಮಾರ್ಗಗಳಲ್ಲಿ ಇಡೀ ಗಾಡಿಗೆ ಒಬ್ಬನೇ ಚಾಲಕ. ಸೂರ್ಯನ ಬೆಳಕು ಕಾಣದ ಸುರಂಗದಲ್ಲಿ, ಸಾವಿರಾರು ಜನರ ಪ್ರಾಣದ ಹೊಣೆ ಹೊತ್ತು, ಬಾಗಿಲು ತೆರೆಯುವುದರಿಂದ ಹಿಡಿದು ಅವಘಡವನ್ನು ಎದುರಿಸುವವರೆಗೆ ಎಲ್ಲವನ್ನೂ ಅವನೊಬ್ಬನೇ ನೋಡಿಕೊಳ್ಳಬೇಕು. ಹಳಿಯ ಮೇಲೆ ಯಾರಾದರೂ ಬಿದ್ದರೆ ಆ ದೃಶ್ಯ ಅವನನ್ನು ಬಿಡದೆ ಕಾಡುತ್ತದೆ. ಈ ಚಾಲಕರಲ್ಲಿ ಹಠಾತ್ ಭೀತಿಯ ರೋಗ ಕಾಣಿಸಿಕೊಂಡು, ಕೆಲವರ ಬಾಳು ದುರಂತದಲ್ಲಿ ಮುಗಿದಾಗ ಕಾರ್ಮಿಕ ಸಂಘಗಳು ಇದನ್ನು ಪ್ರಶ್ನಿಸಿದವು. ನಗರದ ಎಲ್ಲ ನಿಲ್ದಾಣಗಳ ಅಂಚಿನಲ್ಲೂ 2009ರ ಹೊತ್ತಿಗೆ ಗಾಜಿನ ತಡೆಬಾಗಿಲುಗಳು ಬಂದವು. ಪ್ರಯಾಣಿಕರನ್ನು ಕಾಪಾಡಲು ನಿಲ್ಲಿಸಿದ ಆ ಗಾಜು ಚಾಲಕನ ಮನಸ್ಸಿಗೂ ಒಂದು ಕಾವಲಾಯಿತು.

ಕೊರಿಯಾದ ಭಾಷೆಯಲ್ಲಿ 'ಹ್ವಾಬ್ಯೊಂಗ್' ಎಂಬ ಒಂದು ಪದವಿದೆ. ಬೆಂಕಿಯ ರೋಗ ಎಂದು ಅದರ ಅರ್ಥ. ನುಂಗಿಕೊಂಡ ಸಿಟ್ಟು ವರ್ಷಗಟ್ಟಲೆ ಎದೆಯಲ್ಲಿ ಉರಿದು, ಉಸಿರು ಕಟ್ಟಿದಂತೆ, ಎದೆಯಲ್ಲಿ ಗಂಟು ಕುಳಿತಂತೆ ಮಾಡುತ್ತದೆಂದು ಜನ ಹೇಳುತ್ತಾರೆ. ಅಮೆರಿಕೆಯ ಮನೋವೈದ್ಯರ ಸಂಘವೂ 1994ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಈ ರೋಗದ ಹೆಸರನ್ನು ಸೇರಿಸಿತು. ಅಪಮಾನ ದೇಹಕ್ಕೂ ಇಳಿಯುತ್ತದೆಂಬುದನ್ನು ಹಳ್ಳಿಯ ಅಜ್ಜಿಯರೇ ಅರಿತಿದ್ದ ನಾಡು ಅದು. ಆದರೂ ಮನೋವೈದ್ಯರ ಬಳಿಗೆ ಹೋಗಲು ಅಲ್ಲಿ ಜನ ಅಂಜುತ್ತಿದ್ದರು. ಚೀಟಿಯಲ್ಲಿ ಮನೋರೋಗದ ಸಂಕೇತಾಕ್ಷರ ಒಮ್ಮೆ ಬಿದ್ದರೆ ಮುಂದೆ ಕೆಲಸ ಸಿಗದೇನೋ, ಹೆಣ್ಣು ಗಂಡು ಕೂಡಿಬರದೇನೋ ಎಂಬ ಭಯ. ಈ ಅಂಜಿಕೆಯನ್ನು ಕಡಿಮೆ ಮಾಡಲೆಂದು 2011ರಲ್ಲಿ ಆಸ್ಪತ್ರೆಗಳ ಆ ವಿಭಾಗದ ಹೆಸರನ್ನೇ 'ಮಾನಸಿಕ ಆರೋಗ್ಯ ವೈದ್ಯ ವಿಭಾಗ' ಎಂಬ ಅರ್ಥ ಬರುವಂತೆ ಬದಲಾಯಿಸಬೇಕಾಯಿತು. ನೋವನ್ನು ಹೇಳಿಕೊಳ್ಳುವುದೇ ನಾಚಿಕೆಯಾದಾಗ ಪರಿಹಾರ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಇಷ್ಟಾದರೂ ಕಾನೂನು ನಿಂತಲ್ಲೇ ನಿಲ್ಲಲಿಲ್ಲ. ಭೀಕರವಾದ ಘಟನೆಯನ್ನು ಕಂಡು ಅಥವಾ ಅನುಭವಿಸಿ, ಅದರ ನೆನಪಿನಿಂದ ಬಿಡುಗಡೆ ಕಾಣದವರ ರೋಗವನ್ನು 2013ರಲ್ಲಿ ಉದ್ಯೋಗದ ರೋಗಗಳ ಪಟ್ಟಿಗೆ ಸೇರಿಸಲಾಯಿತು. ಗಿರಾಕಿಗಳ ಹಲ್ಲೆ ಮತ್ತು ನಿಂದೆಗಳಿಂದ ಬರುವ ಖಿನ್ನತೆಗೂ 2016ರಲ್ಲಿ ಆ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಗಿರಾಕಿ ಅತಿರೇಕಕ್ಕೆ ಹೋದಾಗ ಕೆಲಸಗಾರನಿಗೆ ಅಲ್ಲಿಂದ ಬಿಡುವು ಕೊಡಬೇಕು, ಅವನಿಗೆ ಚಿಕಿತ್ಸೆ ಸಲಹೆ ದೊರಕಿಸಬೇಕು ಎಂಬ ಕಟ್ಟಳೆ 2018ರ ಅಕ್ಟೋಬರಿನಲ್ಲಿ ಬಂದಿತು. 2019ರ ಜುಲೈ 16ರಿಂದ, ಸ್ಥಾನಬಲದಿಂದ ಸಹೋದ್ಯೋಗಿಗಳನ್ನು ಪೀಡಿಸುವುದನ್ನು ಕಾನೂನು ನಿಷೇಧಿಸಿತು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅಂದಿನಿಂದಲೇ, ಇಂತಹ ಪೀಡನೆಯಿಂದ ಬಂದ ರೋಗ ಉದ್ಯೋಗದ ರೋಗವೆಂದು ಪರಿಹಾರದ ಕಾನೂನಿನಲ್ಲಿಯೂ ಸ್ಪಷ್ಟವಾಗಿ ಬರೆಯಲಾಯಿತು. ಆದರೆ ಪೀಡನೆಯ ನಿಷೇಧ ಜಾರಿಗೆ ಬಂದಾಗ ಐದು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳು ಅದರ ಹೊರಗೆ ಉಳಿದವು. ಆಸರೆ ಅತಿ ಹೆಚ್ಚಾಗಿ ಬೇಕಾದವರು ಚಪ್ಪರದ ಹೊರಗೆ ನಿಂತಂತಾಯಿತು.

ಪಟ್ಟಿಯಲ್ಲಿ ರೋಗದ ಹೆಸರು ಬಂದ ಮಾತ್ರಕ್ಕೆ ರೋಗಿಗೆ ಪರಿಹಾರ ಬಂದಂತಲ್ಲ. ಅರ್ಜಿ ಕೊಡಬೇಕು. ವೈದ್ಯರು, ಕಾನೂನು ಬಲ್ಲವರು ಕೂಡಿದ ಸಮಿತಿಯೊಂದು ಅದನ್ನು ಪರಿಶೀಲಿಸುತ್ತದೆ. ಈ ಸಮಿತಿಗಳು 2008ರಲ್ಲಿ ಆರಂಭವಾದವು. ರೋಗ ನಿಜವೇ, ಕೆಲಸದಲ್ಲಿ ಏನು ನಡೆಯಿತು, ಆ ಘಟನೆ ಎಷ್ಟು ತೀವ್ರವಾಗಿತ್ತು, ಮನೆಯಲ್ಲಿ ಬೇರೆ ಕಷ್ಟಗಳಿದ್ದವೇ, ಹಿಂದೆಯೂ ಈ ರೋಗವಿತ್ತೇ ಎಂದು ಒಂದೊಂದಾಗಿ ಕೇಳುತ್ತದೆ. ತೀರ್ಪಿಗೆ ತಿಂಗಳುಗಳೇ ಹಿಡಿಯುತ್ತವೆ. 2018ಕ್ಕೆ ಮುಂಚೆ ಅರ್ಜಿಯ ಮೇಲೆ ಮಾಲೀಕನ ದೃಢೀಕರಣವನ್ನೂ ಕೇಳುತ್ತಿದ್ದರು. ಯಾರ ಕೈಕೆಳಗೆ ನೊಂದನೋ ಅವರ ಮುದ್ರೆಗಾಗಿಯೇ ನೊಂದವನು ಕೈಚಾಚಬೇಕಾಗಿತ್ತು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಆ ವರ್ಷದ ಜನವರಿಯಿಂದ ಆ ಪದ್ಧತಿ ಹೋಯಿತು.

ಹೋಗದೆ ಉಳಿದದ್ದು ರುಜುವಾತಿನ ಹೊರೆ. ಕೆಲಸಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಬೇಕಾದವನು ಅರ್ಜಿದಾರನೇ ಎಂದು ಕೊರಿಯಾದ ಸರ್ವೋಚ್ಚ ನ್ಯಾಯಾಲಯದ ಪೂರ್ಣಪೀಠ 2021ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಹೇಳಿತು. ಆ ಸಂಬಂಧವನ್ನು ವೈದ್ಯಶಾಸ್ತ್ರದ ನಿಖರತೆಯಿಂದ ಸಾಧಿಸಬೇಕಾಗಿಲ್ಲ, ಸಂದರ್ಭಗಳಿಂದ ಊಹಿಸಬಹುದಾದರೆ ಸಾಕು ಎಂಬ ಸಡಿಲಿಕೆ ಉಂಟು. ಆದರೂ ಯೋಚಿಸಿ ನೋಡಬೇಕು. ಕಾಲು ಮುರಿದವನು ತನ್ನ ಕಾಗದಪತ್ರಗಳನ್ನು ತಾನೇ ಜೋಡಿಸಿಕೊಳ್ಳಬಲ್ಲ. ಅವನ ಬುದ್ಧಿ ಸ್ವಸ್ಥವಾಗಿದೆ. ಮನಸ್ಸು ಮುರಿದವನಿಗೆ ಹಾಸಿಗೆಯಿಂದ ಏಳುವುದೇ ಬೆಟ್ಟವನ್ನು ಹತ್ತಿದಂತೆ. ಅವನನ್ನು ಬೈದದ್ದಕ್ಕೆ ದಾಖಲೆಯಿಲ್ಲ. ಬೈಗುಳ ಕೇಳಿಸಿಕೊಂಡ ಸಹೋದ್ಯೋಗಿಗಳಿಗೆ ತಮ್ಮ ಅನ್ನದ ಚಿಂತೆ. ಹಾಜರಿಯ ಪುಸ್ತಕ, ಪಾಳಿಯ ಪಟ್ಟಿ, ದೂರವಾಣಿಯ ಧ್ವನಿಮುದ್ರಿಕೆಗಳು ಸಂಸ್ಥೆಯ ಬೀರುವಿನಲ್ಲಿರುತ್ತವೆ. ಬೀಗದ ಕೈ ಒಬ್ಬರ ಬಳಿ, ಪೆಟ್ಟಿಗೆಯನ್ನು ತೆರೆದು ತೋರಿಸುವ ಹೊಣೆ ಇನ್ನೊಬ್ಬರ ಮೇಲೆ. ಇದು ಸಮನಾದ ತಕ್ಕಡಿಯೆಂದು ಯಾರು ಹೇಳಬಲ್ಲರು?

ಇದಕ್ಕೆ ಎದುರಾಗಿ ಕೆಲವು ಮಾತುಗಳನ್ನು ಹೇಳುವವರಿದ್ದಾರೆ. ಅವನ್ನು ತಳ್ಳಿಹಾಕದೆ ಕೇಳಬೇಕು. ಮನಸ್ಸಿನ ರೋಗಕ್ಕೆ ಹುಟ್ಟು, ಮನೆ, ಸ್ವಭಾವ, ಸಾಲ, ಸಂಸಾರ ಹೀಗೆ ಕಾರಣಗಳು ಹಲವು. ಕೆಲಸವೊಂದನ್ನೇ ಹೊಣೆ ಮಾಡುವುದು ಸರಿಯೇ ಎಂಬುದು ಮೊದಲನೆಯದು. ಒಂದೇ ಕಚೇರಿಯಲ್ಲಿ ಹತ್ತು ಮಂದಿ ಅದೇ ಒತ್ತಡವನ್ನು ತಾಳಿಕೊಂಡಿರುವಾಗ ಹನ್ನೊಂದನೆಯವನು ಕುಸಿದರೆ ಅದು ಅವನ ದೌರ್ಬಲ್ಯವಲ್ಲವೇ ಎಂಬುದು ಎರಡನೆಯದು. ಬಾಗಿಲು ತೆರೆದರೆ ಸೋಗು ಹಾಕುವವರು ನುಗ್ಗಿ, ವಿಮೆಯ ಹಣವೆಲ್ಲ ಕರಗಿಹೋದೀತು ಎಂಬುದು ಮೂರನೆಯದು.

ಮೊದಲೆರಡು ಮಾತುಗಳಿಗೆ ಕೊರಿಯಾದ ನ್ಯಾಯಾಲಯಗಳೇ ಉತ್ತರ ಕೊಟ್ಟಿವೆ. ಕೆಲಸವೊಂದೇ ಕಾರಣವಾಗಿರಬೇಕಾಗಿಲ್ಲ, ಮೊದಲೇ ಇದ್ದ ರೋಗವನ್ನು ಕೆಲಸದ ಒತ್ತಡ ಬೆಳೆಸಿದರೂ ಅದು ಕಾರಣವೇ. ತೂಗಿ ನೋಡಬೇಕಾದದ್ದು ಸಾಮಾನ್ಯ ಮನುಷ್ಯನ ತಾಳ್ಮೆಯನ್ನಲ್ಲ, ಆ ಕೆಲಸಗಾರನ ದೇಹಸ್ಥಿತಿಯನ್ನು, ಆರೋಗ್ಯವನ್ನು. ಈ ತತ್ತ್ವ ಬಹಳ ದೊಡ್ಡದು. ದುರ್ಬಲವಾದ ಬೆನ್ನುಳ್ಳವನು ಮೂಟೆ ಹೊತ್ತು ಬಿದ್ದರೆ, "ಬಲವಾದ ಬೆನ್ನಿದ್ದವನು ಬೀಳುತ್ತಿರಲಿಲ್ಲ" ಎಂದು ಪರಿಹಾರವನ್ನು ನಿರಾಕರಿಸುವುದುಂಟೇ? ಅವನನ್ನು ಅವನ ಬೆನ್ನಿನೊಡನೆಯೇ ಕೆಲಸಕ್ಕೆ ತೆಗೆದುಕೊಂಡದ್ದು. ಮನಸ್ಸಿಗೂ ಇದೇ ನ್ಯಾಯ. ಮೇಲಾಗಿ ಮೊದಲು ಕುಸಿಯುವವನು ಯಾವಾಗಲೂ ದುರ್ಬಲನೇ ಎಂದು ಹೇಳಲಾಗದು. ಕೆಲಸವನ್ನು ಹಗುರವಾಗಿ ಎಣಿಸುವವನು ತಪ್ಪಿಸಿಕೊಳ್ಳುತ್ತಾನೆ. ಮನಸ್ಸಿಟ್ಟು ಮಾಡುವವನು ಸಿಕ್ಕಿಬೀಳುತ್ತಾನೆ.

ಸೋಗಿನ ಮಾತು ಹೊಸದಲ್ಲ. ಬೆನ್ನುನೋವಿನ ವಿಷಯದಲ್ಲೂ ಹಿಂದೆ ಅದನ್ನೇ ಹೇಳುತ್ತಿದ್ದರು. ಸೋಗನ್ನು ಕಂಡುಹಿಡಿಯಲು ಪರೀಕ್ಷೆಯಿದೆ, ವೈದ್ಯರಿದ್ದಾರೆ, ಸಮಿತಿಯಿದೆ. ಮನೋವ್ಯಾಧಿಯೆಂದು ಪರಿಹಾರ ಕೇಳುವವರು 2010ರ ದಶಕದ ಮೊದಲಿಗೆ ಕೋಟ್ಯಂತರ ಕೆಲಸಗಾರರಿರುವ ಆ ನಾಡಿನಲ್ಲಿ ವರ್ಷಕ್ಕೆ ನೂರರ ಆಸುಪಾಸಿನವರು ಮಾತ್ರ. ಆ ದಶಕ ಮುಗಿಯುವ ಹೊತ್ತಿಗೆ ಸಂಖ್ಯೆ ಹಲವು ಪಟ್ಟು ಏರಿದರೂ ನೂರುಗಳಲ್ಲೇ ಇತ್ತು. ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಸಾಚಾ ಎಂದು ಒಪ್ಪಿಗೆಯಾದವು. ನೊಂದವರಲ್ಲಿ ಬಹುಮಂದಿ ಬಾಗಿಲವರೆಗೆ ಬಂದೇ ಇಲ್ಲವೆಂಬುದನ್ನೇ ಇದು ಸೂಚಿಸುತ್ತದೆ. ಇನ್ನು ವೆಚ್ಚದ ಮಾತು: ವಿಮಾ ನಿಧಿ ಕೊಡದಿದ್ದರೆ ನಷ್ಟ ಮಾಯವಾಗಿ ಹೋಗುವುದಿಲ್ಲ. ಅದು ರೋಗಿಯ ಮನೆಗೆ ಹೋಗುತ್ತದೆ. ಹೆಂಡತಿಯ ಒಡವೆ, ಮಕ್ಕಳ ಓದು, ಮುದಿ ತಂದೆತಾಯಿಯರ ಔಷಧಿ - ಇವುಗಳಿಂದ ಆ ವೆಚ್ಚ ಸಲ್ಲುತ್ತದೆ. ಲೆಕ್ಕದ ಪುಸ್ತಕದಲ್ಲಿ ಕಾಣದ ಮಾತ್ರಕ್ಕೆ ಆ ವೆಚ್ಚ ಇಲ್ಲವಾಯಿತೇ?

ನೆರೆಯ ಜಪಾನು ಈ ದಾರಿಯಲ್ಲಿ ಕೊರಿಯಾಕ್ಕಿಂತ ಮುಂಚೆ ನಡೆದಿತ್ತು. ಮಿತಿಮೀರಿದ ದುಡಿಮೆಯಿಂದ ಬರುವ ಸಾವಿಗೆ 'ಕರೋಶಿ' ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ. ಕೆಲಸದ ಯಾವ ಘಟನೆ ಮನಸ್ಸಿಗೆ ಎಷ್ಟು ಭಾರ ಎಂಬುದನ್ನು ತೂಗಲು ಒಂದು ಕೋಷ್ಟಕವನ್ನು ಅಲ್ಲಿನ ಸರ್ಕಾರ 1999ರಲ್ಲಿ ಸಿದ್ಧಪಡಿಸಿತು. ಮರುವರ್ಷ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಕೆಲಸಗಾರನ ಮನಸ್ಸಿನ ಆರೋಗ್ಯ ಕೆಡದಂತೆ ನೋಡಿಕೊಳ್ಳುವುದು ಸಂಸ್ಥೆಯ ಕರ್ತವ್ಯವೆಂದು ತೀರ್ಪಿತ್ತಿತು. ಕಾಣದ ಗಾಯವನ್ನು ಅಳೆಯಲು ಸಾಧ್ಯವೇ ಇಲ್ಲವೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಈ ವಿಷಯದಲ್ಲಿ ಅತ್ಯಂತ ಕಠಿಣವಾದ ಭಾಗವೊಂದಿದೆ. ತಾನಾಗಿ ತಂದುಕೊಂಡ ಸಾವಿಗೆ ಪರಿಹಾರವಿಲ್ಲವೆಂಬುದು ಕೊರಿಯಾದ ಕಾನೂನಿನ ಸಾಮಾನ್ಯ ನಿಯಮ. ಆದರೆ ಕೆಲಸದಿಂದ ಬಂದ ರೋಗದ ಕಾರಣ ವಿವೇಕಶಕ್ತಿಯೇ ತೀರ ಕುಂದಿದ್ದಾಗ ನಡೆದದ್ದಾದರೆ ಅದು ರೋಗದ ಫಲವೇ ಹೊರತು ಆ ವ್ಯಕ್ತಿಯ ಆಯ್ಕೆಯಲ್ಲವೆಂದು ಕಾನೂನು ಒಪ್ಪುತ್ತದೆ. 2023ರ ಜುಲೈಯಲ್ಲಿ ಸಿಯೋಲ್ ನಗರದ ಪ್ರಾಥಮಿಕ ಶಾಲೆಯೊಂದರ ಎಳೆಯ ವಯಸ್ಸಿನ ಶಿಕ್ಷಕಿ ಹೀಗೆ ತೀರಿಕೊಂಡಾಗ ನಾಡೆಲ್ಲ ತಲ್ಲಣಿಸಿತು. ಪೋಷಕರ ದೂರು ಕಿರುಕುಳಗಳಿಂದ ಬೇಸತ್ತ ಶಿಕ್ಷಕರು ಕರಿಯ ಉಡುಪು ತೊಟ್ಟು, ವಾರವಾರವೂ ಬೀದಿಗಿಳಿದು ಶಾಂತವಾಗಿ ಕುಳಿತರು. ಆ ವರ್ಷವೇ ಶಿಕ್ಷಕರ ರಕ್ಷಣೆಗೆ ಕಾನೂನುಗಳನ್ನು ತಿದ್ದಲಾಯಿತು. 2024ರ ಫೆಬ್ರವರಿಯಲ್ಲಿ, ಸರ್ಕಾರಿ ನೌಕರರಿಗಿರುವ ಬೇರೊಂದು ಕಾನೂನಿನ ಅಡಿಯಲ್ಲಿ, ಆಕೆಯ ಮರಣ ಕರ್ತವ್ಯದ ಸಲುವಾಗಿ ಆದುದೆಂದು ಒಪ್ಪಲಾಯಿತು. ಹೋದ ಜೀವವನ್ನು ಯಾವ ಪರಿಹಾರವೂ ಮರಳಿ ತರದು. ಆದರೆ "ಅವಳು ಹೇಡಿಯಲ್ಲ, ಅವಳ ಮೇಲಿನ ಭಾರ ಹೆಚ್ಚಾಗಿತ್ತು" ಎಂದು ನಾಡು ಬರೆದುಕೊಟ್ಟ ಮಾತು ಹೆತ್ತವರಿಗೆ ಹಣಕ್ಕಿಂತ ಮಿಗಿಲಾದುದು. ಇಂತಹ ಬರಹ ಸತ್ತ ಮೇಲೆ ಕೈಸೇರುವುದಕ್ಕಿಂತ ಬದುಕಿರುವಾಗಲೇ ಸೇರುವಂತಾಗಬೇಕು. ಮನಸ್ಸು ಕುಸಿಯುತ್ತಿರುವವನು ಹತ್ತಿರದವರಲ್ಲಿ ಹೇಳಿಕೊಂಡು ವೈದ್ಯರನ್ನು ಕಾಣುವುದು ನಾಚಿಕೆಯ ಕೆಲಸವಲ್ಲ. ಕಾಲುಳುಕಿದವನು ಕಾಲು ಕಟ್ಟಿಸಿಕೊಂಡಷ್ಟೇ ಸಹಜವಾದುದು.

ಪರಿಹಾರದ ನಿಜವಾದ ಬೆಲೆ ಇಲ್ಲಿದೆ. ಮನೋವ್ಯಾಧಿಗೆ ಒಳಗಾದವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸುಡುವುದು "ತಪ್ಪು ನನ್ನದೇ, ನಾನೇ ಕೈಲಾಗದವನು" ಎಂಬ ಭಾವ. ಕೆಲಸದಿಂದಲೇ ಈ ರೋಗ ಬಂದಿತೆಂದು ಒಂದು ಸಂಸ್ಥೆ ಅಧಿಕೃತವಾಗಿ ಒಪ್ಪಿದಾಗ ಆ ಹೊರೆ ಅವನ ತಲೆಯಿಂದ ಇಳಿಯುತ್ತದೆ. ಅದಕ್ಕಾಗಿಯೇ ತನಿಖೆಯ ಹೊರೆಯನ್ನು ರೋಗಿಯಿಂದ ತೆಗೆದು ವಿಮಾ ಸಂಸ್ಥೆಯೇ ಹೊರುವುದು ನ್ಯಾಯ. ದಾಖಲೆಗಳನ್ನು ಮಾಲೀಕನಿಂದ ತರಿಸುವ ಅಧಿಕಾರ ಅದಕ್ಕಿದೆ. ಸಾಕ್ಷಿ ಹೇಳುವವರಿಗೆ ಅಭಯ ಕೊಡುವ ಬಲವೂ ಅದಕ್ಕಿರಬೇಕು. ತೀರ್ಪು ಬರುವವರೆಗೆ ರೋಗಿ ಹಸಿದು ಕಾಯುವಂತಾಗಬಾರದು.

ಹಾಗೆಂದು ಪರಿಹಾರವೇ ಎಲ್ಲವೂ ಅಲ್ಲ. ಗಾಯಕ್ಕೆ ಮದ್ದು ಹಚ್ಚಿ, ಗಾಯ ಮಾಡಿದ ಮೊಳೆಯನ್ನು ಅಲ್ಲೇ ಬಿಟ್ಟರೆ ನಾಳೆ ಇನ್ನೊಬ್ಬನ ಕಾಲಿಗೆ ಅದು ಚುಚ್ಚುತ್ತದೆ. ವಾರಕ್ಕೆ 68 ಗಂಟೆಯವರೆಗೆ ದುಡಿಸಲು ಇದ್ದ ಅವಕಾಶವನ್ನು ಕೊರಿಯಾ 52 ಗಂಟೆಗೆ ಇಳಿಸಿ, 2018ರ ಜುಲೈಯಿಂದ ಮೊದಲು ದೊಡ್ಡ ಸಂಸ್ಥೆಗಳಲ್ಲಿಯೂ ಬಳಿಕ ಸಣ್ಣವುಗಳಲ್ಲಿಯೂ ಜಾರಿಗೆ ತಂದದ್ದು ಮೊಳೆಯನ್ನು ಕೀಳುವ ಕೆಲಸ. ದೊಡ್ಡ ಕಾನೂನುಗಳ ಜೊತೆಗೆ ಸಣ್ಣ ಉಪಾಯಗಳೂ ಫಲಕೊಡುತ್ತವೆ. 2017ರಲ್ಲಿ ಅಲ್ಲಿನ ತೈಲ ಸಂಸ್ಥೆಯೊಂದು ತನ್ನ ದೂರವಾಣಿ ಕೇಂದ್ರದಲ್ಲಿ ಒಂದು ಪ್ರಯೋಗ ನಡೆಸಿತು. ಕರೆ ಮಾಡಿದವನಿಗೆ ಕೆಲಸಗಾರ್ತಿಯ ದನಿಗೆ ಮೊದಲು ಅವಳ ಮನೆಯವರ ದನಿ ಕೇಳಿಸುತ್ತಿತ್ತು: ಈಗ ಮಾತನಾಡಲಿರುವವಳು ತಮ್ಮ ಮಗಳು, ತಮ್ಮ ಅಮ್ಮ, ತಮ್ಮ ಮಡದಿ ಎಂದು ಅವರು ಪರಿಚಯಿಸುತ್ತಿದ್ದರು. ಅದನ್ನು ಕೇಳಿದ ಮೇಲೆ ಬೈಯಲು ಬಂದ ಬಾಯಿಯೂ ಮೆತ್ತಗಾಗುತ್ತಿತ್ತು.

ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವವರು ನಾಳೆ ಕೆಲಸಗಾರರಾಗುತ್ತಾರೆ, ಕೆಲವರು ಮಾಲೀಕರಾಗುತ್ತಾರೆ, ಎಲ್ಲರೂ ಗಿರಾಕಿಗಳಾಗುತ್ತಾರೆ. ಕಾನೂನು ಬರೆಯುವ ಅವಕಾಶ ಕೆಲವರಿಗೆ ಮಾತ್ರ ಬಂದೀತು. ಅಂಗಡಿಯ ಕಟ್ಟೆಯ ಮುಂದೆ, ಬಸ್ಸಿನ ಬಾಗಿಲಲ್ಲಿ, ದೂರವಾಣಿಯ ಈ ತುದಿಯಲ್ಲಿ ನಿಂತು ಇನ್ನೊಬ್ಬರೊಡನೆ ಮಾತನಾಡುವ ಅವಕಾಶ ಪ್ರತಿಯೊಬ್ಬರಿಗೂ ದಿನವೂ ಬರುತ್ತದೆ. ಆ ಮಾತಿನಲ್ಲಿ ಹದವಿದ್ದರೆ, ಯಾವ ಸಮಿತಿಯ ಮುಂದೆಯೂ ರುಜುವಾತು ಪಡಿಸಬೇಕಾಗಿಲ್ಲದ ಒಂದು ಗಾಯ ಅಲ್ಲಿಗೇ ತಪ್ಪುತ್ತದೆ.